ಹೊಳಿ ಬಂದಾಗ ಮುಯ್ಯಿ ತೀರಿಸೋರು ಯಾರು?

📌 1/8 | ಹಸಿರು ಫೈಲು

ಫೋಟೋದಲ್ಲಿ ಇರೋದು ಅಪ್ಪನ ಮನೆ ಸಾಲದ ಫೈಲು. ನೋಡೋಕೆ ಏನೂ ವಿಶೇಷ ಇಲ್ಲ. ಆದ್ರೆ ಈ ಎಂಟು ಪೋಸ್ಟಿನ ಸರಣಿ ಶುರುವಾಗಿದ್ದೇ ಇದರಿಂದ.

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. ನಿಮಗೂ ನೆನಪಿರುತ್ತೆ, ಆ ವಾರ ಎಲ್ಲರ ಸ್ಟೇಟಸ್‌ನಲ್ಲೂ ಅದೇ ವಿಡಿಯೋ. ನಮ್ಮೂರು ಗಂಗಾವತಿ ತಾಲೂಕಿನಲ್ಲಿ, ಹೊಳೆ ದಂಡೆ ಮೇಲೆ. ಭಾನುವಾರ ಬೆಳಗ್ಗೆ "ಹೊಳಿ ಕಡೆ ಯಾರೂ ಹೋಗಬ್ಯಾಡ್ರಿ, ದನಕರ ಮ್ಯಾಲೆ ಕಟ್ರಿ" ಅಂತ ಮೈಕಿನಲ್ಲಿ ಸಾರಿಕೊಂಡು ಹೋದ್ರು. ಅವ್ವ ಅಕ್ಕಿ ಚೀಲ ಅಟ್ಟಕ್ಕೆ ಏರಿಸಿದ್ಲು. ಅಪ್ಪ ಈ ಫೈಲು ತೆಗೆದು ನನ್ನ ಕೈಗಿಟ್ರು. "ಸಾಲ ಕೊಡೋವಾಗ ಇನ್ಶೂರೆನ್ಸ್ ಅಂತ ರೊಕ್ಕ ಹಿಡ್ಕೊಂಡಿದ್ರು. ನೀ ಬಿಕಾಂ ಓದಾಕತ್ತೀಯಲ್ಲ, ನೋಡು ಅದೇನೈತಿ."

ನೋಡಿದೆ. ಸಾಲ 15 ವರ್ಷದ್ದು. ಪಾಲಿಸಿ 1 ವರ್ಷದ್ದು. ಅದು ಮುಗಿದು 4 ತಿಂಗಳಾಗಿತ್ತು.

ಕಾಲೇಜಿನಲ್ಲಿ ಇನ್ಶೂರೆನ್ಸ್ ಕ್ಲೇಮಿನ ಲೆಕ್ಕ ಬಿಡಿಸಿ ಮಾರ್ಕ್ಸ್ ತಗೊಂಡಿದ್ದೆ. ನಮ್ಮ ಮನೆ ಪಾಲಿಸಿ ಮಾತ್ರ ಒಂದು ಸಲವೂ ಓದಿರ್ಲಿಲ್ಲ.

ಪುಣ್ಯಕ್ಕೆ ನೀರು ಗದ್ದೆ ಅಂಚಿಗೆ ಬಂದು ನಿಂತಿತು, ಮನೆಗೆ ಬರಲಿಲ್ಲ. ಬಂದಿದ್ರೆ ಯಾರು ಕೊಡ್ತಿದ್ರು? ಈ ಪ್ರಶ್ನೆ ಇಟ್ಕೊಂಡು ಹಿಂದಕ್ಕೆ ಹೋದೆ. ಹೊಳೆಯ ಇತಿಹಾಸ, ಡ್ಯಾಮಿನ ಇತಿಹಾಸ, ಪರಿಹಾರದ ಇತಿಹಾಸ, ವಿಮೆಯ ಇತಿಹಾಸ ಎಲ್ಲಾ ಒಂದೇ ದಾರಿಗೆ ಬಂದು ಸೇರಿದ್ವು. ಬರ್ರಿ, ಹೇಳ್ತೀನಿ.

📌 2/8 | ಮಂಟಪ ಮತ್ತು ಮಾಳಿಗೆ

ಹಂಪಿಯ ಪುರಂದರ ಮಂಟಪ ಎಲ್ಲರೂ ನೋಡಿರ್ತೀರಿ. ಹೊಳೆ ತುಂಬಿದಾಗಲೆಲ್ಲ ಪೇಪರ್‌ನಲ್ಲಿ ಒಂದು ಸಾಲು ತಪ್ಪದೇ ಬರುತ್ತೆ: ಪುರಂದರ ಮಂಟಪ ಮುಳುಗಡೆ. ಆನೆಗೊಂದಿ ಹತ್ತಿರದ ನವವೃಂದಾವನ ಗಡ್ಡೆಯದೂ, 64 ಕಂಬದ ಮಂಟಪದ್ದೂ ಅದೇ ಕಥೆ. ಮುಳುಗ್ತಾವೆ, ನೀರು ಇಳಿದ ಮೇಲೆ ಮತ್ತೆ ಕಾಣಿಸ್ತಾವೆ. ಕಲ್ಲಲ್ಲವಾ!

ಜನಸಾಮಾನ್ಯರ ಮನೆ ಕಲ್ಲಿನ ಮಂಟಪ ಆಗಿರಲಿಲ್ಲ. ನಮ್ಮ ಅಜ್ಜಿ ಇವತ್ತಿಗೂ ಇರೋದು ಊರ ತಗ್ಗಿನಲ್ಲಿರೋ ಹಳೇ ಮಣ್ಣಿನ ಮನೆಯಲ್ಲಿ. ಕೆಳಗೆ ಕಲ್ಲು-ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ದಪ್ಪನೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪು. ಆದ್ರೆ ಮಳೆಗಾಲದ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕಿ ತುಳಿದು ಗಟ್ಟಿ ಮಾಡ್ಬೇಕು. ಒಂದು ವರ್ಷ ಬಿಟ್ರೂ ಸೋರುತ್ತೆ.

ಅದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ. ಅದಕ್ಕೇ ಮುಯ್ಯಾಳು. ಇವತ್ತು ನೀವು ನಮ್ಮ ಮಾಳಿಗೆಗೆ ಬನ್ನಿ, ನಾಳೆ ನಾವು ನಿಮ್ಮ ಹೊಲಕ್ಕೆ ಬರ್ತೀವಿ. ಯಾರದೋ ಗೋಡೆ ಬಿದ್ರೆ ಹತ್ತು ಮನೆಯವರು ಒಂದೊಂದು ದಿನ ಬಂದು ಎಬ್ಬಿಸಿ ಕೊಡೋರು.

ಕಾಮರ್ಸ್ ಓದೋರು ಸ್ವಲ್ಪ ನಿಂತು ಯೋಚನೆ ಮಾಡಿ. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕೋದು, ಯಾರಿಗೆ ನಷ್ಟ ಆಗುತ್ತೋ ಅವರಿಗೆ ಕೊಡೋದು. ನಮ್ಮ ಪುಸ್ತಕದಲ್ಲಿ ವಿಮೆಗೆ ಇರೋ ವ್ಯಾಖ್ಯಾನ ಇದೇ ಅಲ್ವಾ? ಪ್ರೀಮಿಯಂ ದುಡ್ಡಿನಲ್ಲಿ ಇರಲಿಲ್ಲ, ಮೈಬೆವರಲ್ಲಿ ಇತ್ತು, ಅಷ್ಟೇ.

ಆದ್ರೆ ಈ ಪದ್ಧತಿಗೆ ಒಂದು ದೊಡ್ಡ ತೂತು ಇದೆ. ಅದು ಕಾಣಿಸಿದ್ದು 2009ರಲ್ಲಿ. ಅದಕ್ಕೂ ಮೊದಲು ಡ್ಯಾಮಿನ ಬಗ್ಗೆ ಎರಡು ಮಾತು.

📌 3/8 | ಡ್ಯಾಮ್ ಐತಲ್ಲ, ನಮಗೇನಾಗ್ತದ?

ಈ ಮಾತು ಚಿಕ್ಕಂದಿನಿಂದ ಕೇಳಿದ್ದೀನಿ. ಅರ್ಧ ನಿಜ.

1945ರ ಫೆಬ್ರುವರಿ 28ರಂದು ತುಂಗಭದ್ರಾಕ್ಕೆ ಎರಡೂ ದಂಡೆಯಲ್ಲಿ ಅಡಿಗಲ್ಲು ಬಿತ್ತು. ಮುನಿರಾಬಾದ್ ಇರೋ ನಮ್ಮ ದಂಡೆ ಆವಾಗ ಹೈದರಾಬಾದ್ ನಿಜಾಮರದ್ದು, ಹೊಸಪೇಟೆ ದಂಡೆ ಮದ್ರಾಸ್ ಪ್ರಾಂತ್ಯದ್ದು. ಸುಣ್ಣ-ಸುರ್ಕಿ ಗಾರೆಯ ಕಲ್ಲಿನ ಕಟ್ಟೆ, 33 ಗೇಟು. ಸುಮಾರು 90 ಹಳ್ಳಿ ನೀರಿನಡಿ ಹೋದ್ವು. 1953ರಲ್ಲಿ ನೀರು ನಿಲ್ಲಿಸಿದ್ರು. ಗಂಗಾವತಿ ಭತ್ತದ ನಾಡಾಗಿದ್ದೇ ಆ ಎಡದಂಡೆ ಕಾಲುವೆಯಿಂದ.

ಗಮನಿಸಿ, ಡ್ಯಾಮ್ ಕಟ್ಟಿದ್ದು ಮುಖ್ಯವಾಗಿ ನೀರಾವರಿಗೆ, ಕರೆಂಟಿಗೆ. ನೀರಾವರಿ ಡ್ಯಾಮ್ ಮಳೆಗಾಲದಲ್ಲಿ ತುಂಬಿರ್ಬೇಕು. ನೆರೆ ತಡೆಯೋ ಡ್ಯಾಮ್ ಮಳೆಗಾಲದಲ್ಲಿ ಖಾಲಿ ಇರ್ಬೇಕು. ಒಂದೇ ಕೊಡ ತುಂಬಿಯೂ ಖಾಲಿಯೂ ಇರೋಕೆ ಆಗುತ್ತಾ? ಡ್ಯಾಮ್ ತುಂಬಿದ ಮೇಲೆ ಮೇಲಿಂದ ಬಂದಷ್ಟೂ ನೀರು ಕೆಳಗೆ ಬಿಡಲೇಬೇಕು.

ಇನ್ನೊಂದು ಲೆಕ್ಕ. ಶುರುವಲ್ಲಿ ಡ್ಯಾಮಿನ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ 105.788 ಟಿಎಂಸಿ. ಅಂದ್ರೆ 27 ಟಿಎಂಸಿ ಜಾಗ ಹೋಯ್ತು. 1 ಲಕ್ಷ ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದ್ರೆ 8.64 ಟಿಎಂಸಿ. ಮೂರು ದಿನದ ಅಂಥಾ ಹೊಳೆಯನ್ನ ಹಿಡಿದಿಟ್ಟುಕೊಳ್ಳೋ ಜಾಗದಲ್ಲಿ ಈಗ ಮಣ್ಣು ಕೂತಿದೆ.

19ನೇ ಗೇಟು ಹೋದಾಗ ಉಳಿದ ಗೇಟುಗಳನ್ನೂ ತೆಗೆದು ಸುಮಾರು 1 ಲಕ್ಷ ಕ್ಯೂಸೆಕ್ ಬಿಟ್ರು. ಕನ್ನಯ್ಯ ನಾಯ್ಡು ಅವರ ತಂಡ ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿತು. ಆದ್ರೆ ಆ ಒಂದು ವಾರ ನಮಗೆ ಒಂದು ಪಾಠ ಹೇಳಿತು: ಡ್ಯಾಮ್ ಕೆಳಗಿರೋರಿಗೆ ಅಪಾಯ ಕಡಿಮೆ ಆಗಿದೆ, ಇಲ್ಲದೇ ಹೋಗಿಲ್ಲ.

📌 4/8 | 2009: ಎಲ್ಲರ ಗೋಡೆ ಒಟ್ಟಿಗೆ

ಆ ವರ್ಷ ಮೊದಲು ಮಳೆನೇ ಇರಲಿಲ್ಲ. ಬರ ಬಂತು ಅಂತ ಜನ ಕೈಚೆಲ್ಲಿದ್ರು. ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ಅಕ್ಟೋಬರ್ 2ರವರೆಗೆ ಬಿಡಲೇ ಇಲ್ಲ. ಉತ್ತರ ಕರ್ನಾಟಕದ ಜಿಲ್ಲೆ ಜಿಲ್ಲೆಗಳೇ ನೀರಲ್ಲಿ. ಕೆಳಗೆ ಮಂತ್ರಾಲಯದ ಮಠಕ್ಕೂ ನೀರು ನುಗ್ಗಿತು, ಕರ್ನೂಲು ಪಟ್ಟಣ ಮುಳುಗಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಜೀವ ಕಳ್ಕೊಂಡ್ರು.

ನೆರೆ ಅಂದ ಕೂಡಲೇ ನಾವು ಹೊಳೆ ಒಂದನ್ನೇ ನೆನೀತೀವಿ. 2009ರಲ್ಲಿ ಹೊಳೆಯಿಂದ ಎಷ್ಟೋ ದೂರದ ಊರುಗಳಲ್ಲೂ ಮನೆ ಬಿದ್ವು. ಯಾಕಂದ್ರೆ ಮಣ್ಣಿನ ಮಾಳಿಗೆ ಜೋರು ಮಳೆಯನ್ನ ಒಂದು ತಾಸು ತಡ್ಕೊಳ್ಳುತ್ತೆ, ಬಿಡದೇ ಸುರಿಯೋ ಮಳೆಯನ್ನ ಮೂರು ದಿನ ತಡ್ಕೊಳ್ಳಲ್ಲ. ಮಣ್ಣು ನೀರು ಕುಡಿದು ಭಾರ ಆಗುತ್ತೆ, ಜಂತಿ ಬಾಗುತ್ತೆ, ಬುಡದಲ್ಲಿ ನೆನೆದ ಗೋಡೆ ಕೂರುತ್ತೆ. ಎಷ್ಟೋ ಮನೆ ಬಿದ್ದದ್ದು ರಾತ್ರಿ, ಜನ ಮಲಗಿದ್ದಾಗ.

ನಾನು ಆಗ ನಾಲ್ಕು ವರ್ಷದ ಕೂಸು. ಅಜ್ಜಿ ಮನೆಯ ಹಿಂದಿನ ಗೋಡೆ ಬಿತ್ತಂತೆ. ನಾನು ಕೇಳಿದೆ, "ಅಜ್ಜಿ, ಮುಯ್ಯಾಳು ಕರೀಲಿಲ್ಲೇನು?" ಅಂತ.

ಅಜ್ಜಿ ಹೇಳಿದ್ದು: "ಯಾರ ಮನಿಗೆ ಹೋಗಿ ಕರೀಲಿ? ಎಲ್ಲಾರ ಮನ್ಯಾಗೂ ಗ್ವಾಡಿ ಬಿದ್ದಿತ್ತು."

ಈ ಸರಣಿಯಲ್ಲಿ ನೀವು ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳೋದಾದ್ರೆ ಇದನ್ನೇ ಇಟ್ಕೊಳ್ಳಿ. ಒಬ್ಬರ ಮನೆಗೆ ಬೆಂಕಿ ಬಿದ್ರೆ ಓಣಿ ನಿಲ್ಲುತ್ತೆ. ನೆರೆ ಬಂದ್ರೆ ಓಣಿಗೆ ಓಣಿಯೇ ಬೀಳುತ್ತೆ. ಆವಾಗ ಮುಯ್ಯಿ ತೀರಿಸೋರು ಊರ ಹೊರಗೆ ಇರ್ಬೇಕು, ನಮ್ಮ ಹೊಳೆಯ ನೀರು ತಾಗದಷ್ಟು ದೂರ ಇರ್ಬೇಕು.

📌 5/8 | ನಾಲ್ಕು ತಾಲೂಕು, ನಾಲ್ಕು ಥರದ ನೀರು

ಕ್ಲಾಸಿನಲ್ಲಿ ಕುಷ್ಟಗಿ ಗೆಳೆಯ ನಕ್ಕಿದ್ದ: "ನಮಗೆ ಕುಡಿಯಾಕ ನೀರಿಲ್ಲ, ನೀ ನೆರೆ ಅಂತಿ." ಸರಿ, ತಾಲೂಕುವಾರು ನೋಡೋಣ.

▪️ ಗಂಗಾವತಿ: ಇಲ್ಲಿ ಹೊಳೆ. ತುಂಗಾ, ಭದ್ರಾ ಹುಟ್ಟೋದು ಮಲೆನಾಡಿನಲ್ಲಿ. ನಮ್ಮ ತಲೆ ಮೇಲೆ ಬಿಸಿಲಿದ್ದಾಗಲೂ ಶಿವಮೊಗ್ಗ, ಚಿಕ್ಕಮಗಳೂರಿನ ಮಳೆ ನಮ್ಮ ದಂಡೆಗೆ ಬಂದು ಮುಟ್ಟುತ್ತೆ. 2019ರ ಆಗಸ್ಟ್‌ನಲ್ಲಿ ಹೀಗೇ ಆಯ್ತು. ಡ್ಯಾಮಿನಿಂದ 2 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ವಿರೂಪಾಪುರ ಗಡ್ಡೆಯಲ್ಲಿ ವಿದೇಶಿಯರೂ ಸೇರಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡ್ರು. ಬೋಟು, ಹೆಲಿಕಾಪ್ಟರ್ ತಂದು ಹೊರಗೆ ತರಬೇಕಾಯ್ತು. ಕಂಪ್ಲಿ ಸೇತುವೆ ಮುಳುಗಿದ್ರಂತೂ ಆಚೆ ದಂಡೆಗೆ ಸುತ್ತಿ ಹೋಗ್ಬೇಕು.

▪️ ಕೊಪ್ಪಳ: ಒಂದು ಕಡೆ ಡ್ಯಾಮಿನ ಹಿನ್ನೀರು, ಇನ್ನೊಂದು ಕಡೆ ಹಿರೇಹಳ್ಳ. ಕಿನ್ನಾಳ ಹತ್ತಿರದ ಹಿರೇಹಳ್ಳ ಜಲಾಶಯ ತುಂಬಿ ಗೇಟು ತೆಗೆದ್ರೆ ಕೆಳಗಿನ ಹಳ್ಳಿಗಳು ಎಚ್ಚರ ಇರ್ಬೇಕು.

▪️ ಕುಷ್ಟಗಿ, ಯಲಬುರ್ಗಾ: ಇಲ್ಲಿ ದೊಡ್ಡ ಹೊಳೆ ಇಲ್ಲ. ವರ್ಷದ ಹೆಚ್ಚು ದಿನ ಒಣಗಿರೋ ಹಳ್ಳಗಳಿವೆ. ಮೋಸ ಇರೋದೇ ಅಲ್ಲಿ. ಒಣ ಹಳ್ಳ ಅಂತ ಅದರ ದಂಡೆಗೇ ಮನೆ ಕಟ್ತೀವಿ, ದನ ಕಟ್ತೀವಿ. ಮೇಲಿನ ಊರಲ್ಲಿ ಒಂದು ರಾತ್ರಿ ಮಳೆ ಹೊಡೆದ್ರೆ ಸಾಕು. ಹೊಳೆಗಾದ್ರೆ ಡ್ಯಾಮಿನವರು ಎಷ್ಟು ಕ್ಯೂಸೆಕ್ ಬಿಡ್ತಾರೆ ಅಂತ ಸುದ್ದಿ ಬರುತ್ತೆ. ಹಳ್ಳಕ್ಕೆ ಯಾರೂ ಮೈಕ್ ಹಾಕಲ್ಲ.

ಬರದ ತಾಲೂಕಿಗೆ ನೆರೆ ಬರಲ್ಲ ಅನ್ನೋದು ತಪ್ಪು. ನೆರೆ ಅಪರೂಪಕ್ಕೆ ಬರುತ್ತೆ, ಅದಕ್ಕೇ ತಯಾರಿ ಇರಲ್ಲ.

📌 6/8 | ಸರ್ಕಾರ ಕೊಡುತ್ತಲ್ಲ?

ಕೊಡುತ್ತೆ. 2009ರ ನಂತರ 'ಆಸರೆ' ಹೆಸರಲ್ಲಿ ಸರ್ಕಾರ, ದಾನಿಗಳು ಸೇರಿ ಸಂತ್ರಸ್ತರಿಗೆ ಹೊಸ ಜಾಗದಲ್ಲಿ ಮನೆ ಕಟ್ಟಿಸಿದ್ರು. ಎಷ್ಟೋ ಕುಟುಂಬಕ್ಕೆ ನಿಜಕ್ಕೂ ಆಸರೆ ಆಯ್ತು. ಹೊಲಕ್ಕೆ ದೂರ, ದನಕ್ಕೆ ಜಾಗ ಇಲ್ಲ ಅಂತ ಖಾಲಿ ಬಿದ್ದ ಮನೆಗಳೂ ಇವೆ.

2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಅದು ಆ ವರ್ಷದ ತೀರ್ಮಾನ. ವಿಪತ್ತು ಪರಿಹಾರ ನಿಧಿಯ 2022-26ರ ನಿಯಮದ ಪ್ರಕಾರ ಬಯಲು ಸೀಮೆಯಲ್ಲಿ ಪೂರ್ತಿ ಹಾನಿಯಾದ ಮನೆಗೆ 1,20,000 ರೂಪಾಯಿ. ಪಕ್ಕಾ ಮನೆ ಭಾಗಶಃ ಹಾನಿಯಾದ್ರೆ, ಅದೂ ಕನಿಷ್ಠ 15% ಹಾನಿ ಇದ್ರೆ, 6,500 ರೂಪಾಯಿ. ಈ ದುಡ್ಡಿಗೆ ಒಂದು ಗೋಡೆ ಎಬ್ಬಿಸೋಕೆ ಆಗುತ್ತಾ? ಮನೇಲಿ ಯಾರಾದ್ರೂ ಮೇಸ್ತ್ರಿ ಇದ್ರೆ ಕೇಳಿ ನೋಡಿ.

ಬೈಬೇಡಿ. ಅದರ ಹೆಸರೇ ಪರಿಹಾರ. ಬಿದ್ದವರನ್ನ ಎಬ್ಬಿಸಿ ಕೂರಿಸೋಕೆ ಇರೋದು ಅದು, ಮನೆಯನ್ನ ಮೊದಲಿನಂತೆ ಮಾಡಿಕೊಡೋಕಲ್ಲ. ಆ ಕೆಲಸ ವಿಮೆಯದ್ದು.

ನಮ್ಮ ದೇಶದಲ್ಲಿ ಜೀವ ವಿಮೆ ಬಿಟ್ಟು ಬೇರೆ ವಿಮೆ ಮಾಡೋ ಮೊದಲ ಕಂಪನಿ ಟ್ರೈಟನ್, 1850, ಕಲ್ಕತ್ತಾ. ಹಡಗು, ಗೋದಾಮು, ವ್ಯಾಪಾರಿಗಳ ಲೋಕ ಅದು. ರೈತನ ಮಾಳಿಗೆ ಮನೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. 1973ರ ಜನವರಿ 1ರಿಂದ 107 ಕಂಪನಿಗಳನ್ನ ರಾಷ್ಟ್ರೀಕರಣ ಮಾಡಿ ನಾಲ್ಕಾಗಿ ಮಾಡಿದ್ರು. ಮನೆಗೆ ಸಿಗ್ತಿದ್ದಿದ್ದು ಬೆಂಕಿ ಪಾಲಿಸಿ. ಹಳೇ ಫೈರ್ ಪಾಲಿಸಿಯಲ್ಲಿ ಬಿರುಗಾಳಿ-ನೆರೆಯ ಭಾಗ ಇರುತ್ತಿತ್ತು, ಆದ್ರೆ ಬೇಡ ಅಂತ ಬಿಟ್ರೆ ಪ್ರೀಮಿಯಂ ಕಡಿಮೆ ಆಗ್ತಿತ್ತು.

ಅಮೆರಿಕದಲ್ಲಿ ಇನ್ನೂ ಕಷ್ಟ. 1927ರ ಮಿಸಿಸಿಪ್ಪಿ ನೆರೆಯ ನಂತರ ಖಾಸಗಿ ಕಂಪನಿಗಳು ನೆರೆ ವಿಮೆಯಿಂದ ಹಿಂದೆ ಸರಿದ್ವು. ಯಾಕೆ? ಅಜ್ಜಿ ಹೇಳಿದ್ದೇ ಕಾರಣ: ಎಲ್ಲರ ಗೋಡೆ ಒಟ್ಟಿಗೆ ಬೀಳುತ್ತೆ. ಕೊನೆಗೆ 1968ರಲ್ಲಿ ಅಲ್ಲಿನ ಸರ್ಕಾರವೇ ನೆರೆ ವಿಮೆ ಶುರು ಮಾಡಬೇಕಾಯ್ತು. ಇವತ್ತಿಗೂ ಅಲ್ಲಿನ ಮಾಮೂಲಿ ಮನೆ ಪಾಲಿಸಿಯಲ್ಲಿ ನೆರೆ ಇರಲ್ಲ, ಬೇರೆ ತಗೋಬೇಕು.

📌 7/8 | ಭಾರತ್ ಗೃಹ ರಕ್ಷಾ (ಸೇವ್ ಮಾಡ್ಕೊಳ್ಳಿ)

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಕ ಐಆರ್‌ಡಿಎಐ ಹೇಳಿದಂತೆ ಸಾಮಾನ್ಯ ವಿಮಾ ಕಂಪನಿಗಳು ಮನೆಗೆ ಒಂದೇ ಮಾದರಿಯ ಪಾಲಿಸಿ ಕೊಡ್ತಿವೆ. ಹೆಸರು ಭಾರತ್ ಗೃಹ ರಕ್ಷಾ. ಪ್ರೀಮಿಯಂ ಕಂಪನಿಗೊಂದು ಥರ ಇರುತ್ತೆ, ಮೂಲ ಷರತ್ತು ಒಂದೇ.

✔️ ಬೆಂಕಿ, ಸಿಡಿಲು, ಭೂಕಂಪದ ಜೊತೆ ನೆರೆ, ಜಲಾವೃತ ಎರಡೂ ಪಾಲಿಸಿಯ ಒಳಗೇ ಇವೆ.

✔️ ವಿಮೆ ಮೊತ್ತ ಅಂದ್ರೆ ಮತ್ತೆ ಕಟ್ಟೋಕೆ ಆಗೋ ಖರ್ಚು. ಜಾಗದ ಬೆಲೆ ಸೇರಲ್ಲ, ಜಾಗ ಎಲ್ಲಿಗೂ ಹೋಗಲ್ಲವಲ್ಲ. ಉದಾಹರಣೆಗೆ 1,000 ಚದರಡಿ, ಚದರಡಿಗೆ 1,800 ರೂಪಾಯಿ ಅಂದ್ಕೊಳ್ಳಿ: 18 ಲಕ್ಷ.

✔️ ಕಟ್ಟಡಕ್ಕೆ ಮಾಡಿಸಿದ್ರೆ ಒಳಗಿನ ಸಾಮಾನಿಗೆ ಆ ಮೊತ್ತದ 20% ತಾನಾಗೇ ಸೇರುತ್ತೆ, 10 ಲಕ್ಷದ ಮಿತಿಯೊಳಗೆ. ಮೇಲಿನ ಲೆಕ್ಕದಲ್ಲಿ 3.6 ಲಕ್ಷ. ಟಿವಿ, ಫ್ರಿಜ್, ಮಂಚ, ಪಾತ್ರೆ ಎಲ್ಲ ಇದರಲ್ಲಿ.

✔️ ಬಿಕಾಂನವರೇ, ಆವರೇಜ್ ಕ್ಲಾಸ್ ನೆನಪಿದೆಯಾ? 20 ಲಕ್ಷದ ಮನೆಗೆ 10 ಲಕ್ಷಕ್ಕೆ ಮಾತ್ರ ವಿಮೆ ಇದ್ದು 4 ಲಕ್ಷ ನಷ್ಟ ಆದ್ರೆ ಅದರ ಪ್ರಕಾರ ಸಿಗೋದು 2 ಲಕ್ಷ. ಈ ಪಾಲಿಸಿಯಲ್ಲಿ ಆ ಕಡಿತ ಇಲ್ಲ. ಮೊತ್ತದ ಮಿತಿಯೊಳಗೆ ಪೂರ್ತಿ ನಷ್ಟ.

✔️ ಬಾಡಿಗೆ ಮನೆಯಲ್ಲಿದ್ರೆ ಬರೀ ಸಾಮಾನಿಗೂ ಮಾಡಿಸಬಹುದು.

✔️ 10 ವರ್ಷದವರೆಗೆ ಒಟ್ಟಿಗೆ ತಗೋಬಹುದು. ನಮ್ಮಪ್ಪನ ಹಾಗೆ ಮರೆಯೋರಿಗೆ ಇದು ಒಳ್ಳೇದು.

❌ ನಗದು ಬರಲ್ಲ. ಬಂಗಾರ, ಬೆಳ್ಳಿ ಒಡವೆಗೆ ಬೇರೆಯಾಗಿ ಸೇರಿಸ್ಬೇಕು. ದನಕ್ಕೆ, ಬೆಳೆಗೆ ಬೇರೆ ವಿಮೆ.

ಬೆಳೆ ವಿಮೆ ಗೊತ್ತಿರೋ ಕುಷ್ಟಗಿ, ಯಲಬುರ್ಗಾದವರಿಗೆ ಒಂದು ವ್ಯತ್ಯಾಸ: ಫಸಲ್ ಬಿಮಾದಲ್ಲಿ ಇಳುವರಿ ನಷ್ಟವನ್ನ ಇಡೀ ಪ್ರದೇಶಕ್ಕೆ ಲೆಕ್ಕ ಹಾಕ್ತಾರೆ. ಮನೆ ವಿಮೆಯಲ್ಲಿ ನಿಮ್ಮ ಮನೆಗೆ ಆದ ನಷ್ಟವೇ ಲೆಕ್ಕ.

ಹಾಗಾದ್ರೆ ಎಲ್ಲರ ಗೋಡೆ ಒಟ್ಟಿಗೆ ಬಿದ್ರೆ ಕಂಪನಿ ಎಲ್ಲಿಂದ ಕೊಡುತ್ತೆ? ಮುಂಬೈಯವರ, ಮಂಗಳೂರಿನವರ ಪ್ರೀಮಿಯಂ ಕೂಡ ಅದೇ ಗಂಟಿನಲ್ಲಿ ಇರುತ್ತೆ. ಅದಕ್ಕೂ ಮೀರಿದ್ರೆ ಕಂಪನಿಯೇ ಜಿಐಸಿ ರೀ ಥರದ ಮರುವಿಮೆ ಕಂಪನಿಯಲ್ಲಿ ವಿಮೆ ಮಾಡಿಸಿರುತ್ತೆ. ನಮ್ಮ ಹೊಳೆಯ ನೀರು ತಾಗದಷ್ಟು ದೂರದ ಮುಯ್ಯಾಳು ಅಂದ್ನಲ್ಲ, ಅವರು ಇವರೇ.

📌 8/8 | ಈಗ ನಮ್ಮ ಕೆಲಸ

ಬೈಕಿಗೆ ಇನ್ಶೂರೆನ್ಸ್ ಇದೆ, ಪೊಲೀಸರ ಭಯಕ್ಕೆ. ಅಪ್ಪನಿಗೆ ಎಲ್ಐಸಿ ಇದೆ, ಪರಿಚಯದ ಏಜೆಂಟ್ ಮಾಡಿಸಿದ್ದು. ಹೊಲಕ್ಕೆ ಬೆಳೆ ವಿಮೆ ಇದೆ. ಜೀವಮಾನದ ದುಡಿಮೆ ಹಾಕಿ ಕಟ್ಟಿದ ಮನೆಗೆ ಏನೂ ಇಲ್ಲ. ಈ ಭಾನುವಾರ ಮನೆಗೆ ಹೋದಾಗ ಇಷ್ಟು ಮಾಡಿ:

1️⃣ ಓಣಿಯ ಹಿರಿಯರನ್ನ ಕೇಳಿ: 2009ರಲ್ಲಿ, 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? ಗೋಡೆ ಮೇಲೆ ಗುರುತು ಹಾಕಿ ಫೋಟೋ ತಗೊಳ್ಳಿ. ನಿಮ್ಮ ಊರಿನ ನೆರೆ ನಕ್ಷೆ ಅವರ ತಲೆಯಲ್ಲೇ ಇದೆ, ಅವರ ಜೊತೆಗೇ ಹೋಗಿಬಿಡಬಾರದು.

2️⃣ ಮನೆ ಸಾಲ ಇದ್ರೆ ಫೈಲು ತೆಗೀರಿ. ಪಾಲಿಸಿ ಇದೆಯಾ, ಯಾವ ದಿನ ಮುಗಿಯುತ್ತೆ, ಮೊತ್ತ ಸಾಲದಷ್ಟು ಮಾತ್ರವಾ ಅಥವಾ ಮನೆ ಕಟ್ಟೋ ಖರ್ಚಿನಷ್ಟಾ, ವಿಳಾಸ ಸರಿ ಇದೆಯಾ, ನೆರೆ ಅನ್ನೋ ಪದ ಅದರಲ್ಲಿ ಇದೆಯಾ, ನೋಡಿ.

3️⃣ ಮನೆಯ ಒಳಗೆ, ಹೊರಗೆ ವಿಡಿಯೋ ಮಾಡಿ, ಬಿಲ್ಲುಗಳ ಫೋಟೋ ತೆಗೆದು ನಿಮ್ಮ ಇಮೇಲ್‌ಗೇ ಕಳಿಸ್ಕೊಳ್ಳಿ. ಫೋನ್ ನೀರಲ್ಲಿ ಹೋದ್ರೂ ಅದು ಉಳಿಯುತ್ತೆ.

4️⃣ ನಷ್ಟ ಆದ್ರೆ ತಡ ಮಾಡದೇ ಕಂಪನಿಗೆ ತಿಳಿಸಿ. ಸರ್ವೇಯರ್ ಬರೋ ಮುಂಚೆ ಹಾಳಾದ ಸಾಮಾನು ಎಸೀಬೇಡಿ. ಕ್ಲೇಮು ಕೊಡದೇ ಸತಾಯಿಸಿದ್ರೆ ಮೊದಲು ಕಂಪನಿಗೆ ಲಿಖಿತ ದೂರು, ಆಮೇಲೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಅಲ್ಲಿ ದೂರಿಗೆ ಫೀಸಿಲ್ಲ.

ನಮ್ಮ ಆರ್‌ಸಿಸಿ ಮನೆಗೆ 5 ವರ್ಷದ ಪಾಲಿಸಿ ಮಾಡಿಸಿದ್ವಿ. ಮುಗಿಯೋ ತಾರೀಕು ಅಪ್ಪನ ಫೋನಿನಲ್ಲೂ ನನ್ನ ಫೋನಿನಲ್ಲೂ ಇದೆ.

ಅಜ್ಜಿಯ ಮನೆ ಇನ್ನೂ ಬಗೆಹರಿದಿಲ್ಲ. ಹುಲ್ಲು, ಬಿದಿರು, ತಾರ್ಪಾಲಿನ ಮನೆಯನ್ನ ಪಾಲಿಸಿ ಕಚ್ಚಾ ಮನೆ ಅನ್ನುತ್ತೆ. ಮಣ್ಣಿನ ಮಾಳಿಗೆಗೆ ಏನನ್ನುತ್ತೆ ಅಂತ ಏಜೆಂಟರು ಬಾಯಲ್ಲಿ "ಆಗುತ್ತೆ ಬಿಡಿ" ಅಂದ್ರು. ಬಾಯಿ ಮಾತು ಕ್ಲೇಮಿನ ದಿನ ಸಾಕ್ಷಿ ಹೇಳಲ್ಲ. ಹಳೇದಾಗಿ ಬಿತ್ತೋ, ನೀರು ನುಗ್ಗಿ ಬಿತ್ತೋ ಅನ್ನೋ ಜಗಳವೂ ಅಂಥಾ ಮನೆಗೇ ಬರೋದು. ಅದಕ್ಕೆ ಗೋಡೆ ಮಣ್ಣಿನದು, ಮಾಳಿಗೆ ಮಣ್ಣಿನದು ಅಂತ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದು, ಫೋಟೋ ಹಚ್ಚಿ, ಉತ್ತರವನ್ನ ಲಿಖಿತದಲ್ಲಿ ಕೇಳಿದ್ದೀನಿ. ಇನ್ನೂ ಬಂದಿಲ್ಲ.

ಅಲ್ಲಿವರೆಗೆ ಹಳೇ ಪದ್ಧತಿಯೇ. ಹೋದ ಬೇಸಿಗೆಯಲ್ಲಿ ನಾವು ಆರು ಜನ ಕಸಿನ್ಸ್ ಸೇರಿ ಅಜ್ಜಿಯ ಮಾಳಿಗೆಗೆ ಸವಳು ಮಣ್ಣು ಹೊತ್ತು ಹಾಕಿದ್ವಿ. ಕೊನೆಯ ಫೋಟೋ ಅದೇ. ಕೆಳಗೆ ಕಟ್ಟೆ ಮೇಲೆ ಕೂತು "ಅಲ್ಲಿ ತಗ್ಗು ಐತಿ ನೋಡು, ಇನ್ನೊಂದು ಬುಟ್ಟಿ ಹಾಕು" ಅಂತ ಬೈತಿರೋದು ಅಜ್ಜಿ.

ನಿಮ್ಮೂರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? ಮನೇಲಿ ಕೇಳಿ, ಊರ ಹೆಸರು ಹಾಕಿ ಕಮೆಂಟ್‌ನಲ್ಲಿ ಬರೀರಿ.

#ಕೊಪ್ಪಳ #ಗಂಗಾವತಿ #ಕುಷ್ಟಗಿ #ಯಲಬುರ್ಗಾ #ತುಂಗಭದ್ರಾ #ಮನೆವಿಮೆ #ನಮ್ಮೂರಇತಿಹಾಸ